ಪರಾವಲಂಬಿ ಶಿಲೀಂಧ್ರ–ಕೀಟಗಳು ಮತ್ತು ಕಲ್ಪಿತ ಜೀವಿಗಳು

ಬೇರೊಂದು ಜೀವಿಯ ಮೈಯನ್ನು ಆಶ್ರಯಿಸಿ, ಅದನ್ನೇ ಉಂಡು, ಅದಕ್ಕೆ ಕೇಡು ಮಾಡುತ್ತ ಬದುಕುವ ಜೀವಿ ಪರಾವಲಂಬಿ. ಆಶ್ರಯ ಕೊಟ್ಟದ್ದು ಆತಿಥೇಯ. ಹೇನು, ಉಣ್ಣೆ, ಜಂತುಹುಳುಗಳಂಥ ಪರಾವಲಂಬಿಗಳಿಗೆ ಆತಿಥೇಯ ಜೀವಂತವಾಗಿ ಉಳಿಯುವುದೇ ಲಾಭ. ಇದಕ್ಕೆ ಹೊರತಾದ ಇನ್ನೊಂದು ಬಳಗವಿದೆ. ಕೆಲವು ಶಿಲೀಂಧ್ರಗಳ, ಕಣಜಗಳ, ನೊಣಗಳ ಜೀವನಚಕ್ರ ಪೂರ್ತಿಯಾಗುವುದು ಆತಿಥೇಯದ ಸಾವಿನಿಂದಲೇ. ಅವುಗಳಲ್ಲೂ ಕೆಲವು, ಕೊಲ್ಲುವ ಮುನ್ನ ಆತಿಥೇಯದ ನಡೆಯನ್ನು ತಮಗೆ ಅನುಕೂಲವಾಗುವಂತೆ ತಿರುಗಿಸುತ್ತವೆ. ಕಾದಂಬರಿ, ಸಿನಿಮಾ, ವಿಡಿಯೊ ಗೇಮ್‌ಗಳ ಅನೇಕ ಭಯಾನಕ ಜೀವಿಗಳು ಹುಟ್ಟಿದ್ದು ಈ ಬಳಗದಿಂದ.

ಕಥೆಗಾರರು ಇವುಗಳಿಂದ ಎರಡು ಬಗೆಯ ಸಾಲ ಪಡೆದಿದ್ದಾರೆ. ಒಂದು, ರೂಪದ ಸಾಲ: ತಲೆ ಸೀಳಿ ಬೆಳೆದ ಅಣಬೆ, ಎದೆ ಹರಿದು ಬಂದ ಮರಿ. ಇನ್ನೊಂದು, ಜೀವನಚಕ್ರದ ಸಾಲ: ಜೀವಿ ಎಲ್ಲಿಂದ ಬರುತ್ತದೆ, ಒಳಗೆ ಏನು ಮಾಡುತ್ತದೆ, ಯಾವಾಗ ಹೊರಡುತ್ತದೆ, ಮುಂದಿನ ಪೀಳಿಗೆ ಹೇಗೆ ಹರಡುತ್ತದೆ ಎಂಬ ಇಡೀ ಕ್ರಮ. ರೂಪವನ್ನಷ್ಟೇ ತೆಗೆದುಕೊಂಡ ಕೃತಿಗಳು ಬೇಗ ಮರೆಯಾಗಿವೆ. ದಶಕಗಳ ಕಾಲ ನೆನಪಿನಲ್ಲಿ ಉಳಿದವು ಜೀವನಚಕ್ರಕ್ಕೆ ನಿಷ್ಠವಾಗಿದ್ದ ಕೃತಿಗಳು.

ಇರುವೆಯನ್ನು ನಡೆಸುವ ಶಿಲೀಂಧ್ರ

ಇಂದು ಈ ಬಳಗದಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಒಫಿಯೊಕಾರ್ಡಿಸೆಪ್ಸ್ ಯುನಿಲ್ಯಾಟರಾಲಿಸ್. ಆಲ್‌ಫ್ರೆಡ್ ರಸೆಲ್ ವಾಲೇಸ್ ಇದರ ಮಾದರಿಯನ್ನು 1859ರಲ್ಲಿ ಸಂಗ್ರಹಿಸಿದ್ದರು. ಬಹುಕಾಲ ಕಾರ್ಡಿಸೆಪ್ಸ್ ಕುಲದಲ್ಲಿದ್ದ ಇದನ್ನು 2007ರಲ್ಲಿ ಒಫಿಯೊಕಾರ್ಡಿಸೆಪ್ಸ್ ಕುಲಕ್ಕೆ ಸೇರಿಸಲಾಯಿತು. ಆದರೂ ಜನಪ್ರಿಯ ಕೃತಿಗಳಲ್ಲಿ ಕಾರ್ಡಿಸೆಪ್ಸ್ ಎಂಬ ಹಳೆಯ ಹೆಸರೇ ಉಳಿದುಕೊಂಡಿದೆ.

ಉಷ್ಣವಲಯದ ಕಾಡುಗಳಲ್ಲಿ ಬಡಗಿ ಇರುವೆಗಳು ನೆಲದ ಮೇಲೆ ಓಡಾಡುವಾಗ ಬೀಜಕ ಅವುಗಳ ಮೈಗೆ ಅಂಟುತ್ತದೆ. ಅದು ಮೊಳೆತು, ಕಿಣ್ವಗಳಿಂದಲೂ ಒತ್ತಡದಿಂದಲೂ ಹೊರಕವಚವನ್ನು ಕೊರೆದು ಒಳಗಿಳಿಯುತ್ತದೆ. ಒಳಗೆ ಯೀಸ್ಟಿನಂಥ ಬಿಡಿ ಕೋಶಗಳಾಗಿ ಹೆಚ್ಚಿ, ಆಮೇಲೆ ಒಂದಕ್ಕೊಂದು ಕೂಡಿಕೊಂಡು ಸ್ನಾಯುಗಳ ಸುತ್ತ ಬಲೆ ನೇಯುತ್ತದೆ. ಕೊನೆಯ ಹಂತದಲ್ಲಿ ಇರುವೆ ಗೂಡು ಬಿಟ್ಟು ತೂರಾಡುತ್ತ ಹೊರಡುತ್ತದೆ. ನಡುನಡುವೆ ಸೆಳೆತ ಬಂದು ಗಿಡದಿಂದ ನೆಲಕ್ಕೆ ಬೀಳುತ್ತದೆ. ಥಾಯ್ಲೆಂಡಿನ ಕಾಡಿನಲ್ಲಿ ನಡೆದ ಅಧ್ಯಯನಗಳು ಈ ಕೊನೆಯ ನಡಿಗೆಯ ನಿಖರತೆಯನ್ನು ತೋರಿಸಿದವು. ಇರುವೆ ನೆಲದಿಂದ ಸುಮಾರು 25 ಸೆಂಟಿಮೀಟರ್ ಎತ್ತರದ ಎಲೆಯೊಂದರ ಅಡಿಗೆ ಹೋಗಿ, ಹೆಚ್ಚಾಗಿ ನಡುಹಗಲಿನ ಹೊತ್ತಿಗೆ, ಎಲೆಯ ನರವನ್ನು ಕಚ್ಚಿ ಹಿಡಿಯುತ್ತದೆ. ದವಡೆಯ ಸ್ನಾಯು ಕ್ಷಯಿಸಿರುವುದರಿಂದ ಆ ಕಚ್ಚು ಮತ್ತೆ ಸಡಿಲಾಗದು. ಇರುವೆ ಸಾಯುತ್ತದೆ. ಕೆಲವು ದಿನಗಳಲ್ಲಿ ತಲೆಯ ಹಿಂಬದಿಯಿಂದ ಶಿಲೀಂಧ್ರದ ಕಾಂಡ ಹೊರಟು, ಕೆಳಗೆ ಓಡಾಡುವ ಇರುವೆಗಳ ದಾರಿಯ ಮೇಲೆ ಬೀಜಕ ಉದುರಿಸುತ್ತದೆ. ಶವಗಳನ್ನು ಅಲ್ಲಿಂದ ಬಿಡಿಸಿ ಮರದ ಮೇಲ್ಚಾವಣಿಗೆ ಸಾಗಿಸಿದಾಗಲೂ, ನೆಲಕ್ಕೆ ಇಳಿಸಿದಾಗಲೂ ಶಿಲೀಂಧ್ರ ಸರಿಯಾಗಿ ಬೆಳೆಯಲಿಲ್ಲ. ಆ ಎತ್ತರದ ತೇವ, ಆ ತಂಪು ಅದಕ್ಕೆ ಬೇಕೇ ಬೇಕು.

ಶಿಲೀಂಧ್ರ ಇರುವೆಯ ಮಿದುಳನ್ನು ಆಕ್ರಮಿಸುತ್ತದೆ ಎಂದು ಹಿಂದೆ ಊಹಿಸಲಾಗಿತ್ತು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೋಂಕಿತ ಇರುವೆಗಳ ತೆಳು ಪದರಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿತು. ಶಿಲೀಂಧ್ರದ ಕೋಶಗಳು ಸ್ನಾಯುನಾರುಗಳ ನಡುವೆ ತುಂಬಿಕೊಂಡಿದ್ದವು. ಮಿದುಳಿನೊಳಕ್ಕೆ ಮಾತ್ರ ಹೊಕ್ಕಿರಲಿಲ್ಲ. ಭಯಾನಕ ಕಥೆಗಳು ಇಲ್ಲಿಯವರೆಗೆ ಕಲ್ಪಿಸಿದ್ದಕ್ಕಿಂತ ಇದು ಹೆಚ್ಚು ನಡುಗಿಸುವ ಸಂಗತಿ. ಮಿದುಳು ತನ್ನ ಜಾಗದಲ್ಲೇ ಇದೆ, ಕಾಲುಗಳು ಮಾತ್ರ ಅದರ ಕೈತಪ್ಪಿವೆ. ಜರ್ಮನಿಯ ಮೆಸೆಲ್‌ನಲ್ಲಿ ಸಿಕ್ಕ ಸುಮಾರು 4.8 ಕೋಟಿ ವರ್ಷ ಹಳೆಯ ಎಲೆಯೊಂದರ ಪಳೆಯುಳಿಕೆಯಲ್ಲಿ ನರದ ಗುಂಟ ಇದೇ ಬಗೆಯ ಕಚ್ಚಿನ ಗುರುತುಗಳಿವೆ. ಮನುಷ್ಯ ಕಥೆ ಹೇಳಲು ಕಲಿಯುವ ಎಷ್ಟೋ ಮೊದಲೇ ಈ ವ್ಯವಸ್ಥೆ ಪಕ್ವವಾಗಿತ್ತು.

ಬಿಬಿಸಿಯ ‘ಪ್ಲಾನೆಟ್ ಅರ್ಥ್’ ಸಾಕ್ಷ್ಯಚಿತ್ರ ಸರಣಿ (2006) ಇಂಥ ಇರುವೆಯ ಸಾವನ್ನು ಡೇವಿಡ್ ಅಟೆನ್‌ಬರೋ ಅವರ ನಿರೂಪಣೆಯೊಂದಿಗೆ ಲಕ್ಷಾಂತರ ಮನೆಗಳಿಗೆ ತಲುಪಿಸಿತು. ಅಮೆರಿಕದ ನಾಟಿ ಡಾಗ್ ಸಂಸ್ಥೆ 2013ರಲ್ಲಿ ಹೊರತಂದ ‘ದಿ ಲಾಸ್ಟ್ ಆಫ್ ಅಸ್’ ಎಂಬ ಗೇಮ್‌ನ ಬೀಜ ಇದ್ದದ್ದು ಈ ದೃಶ್ಯದಲ್ಲಿ. ನೀಲ್ ಡ್ರಕ್‌ಮನ್ ಮತ್ತು ಬ್ರೂಸ್ ಸ್ಟ್ರೇಲಿ ನಿರ್ದೇಶಿಸಿದ ಈ ಗೇಮ್‌ನಲ್ಲಿ ಕಾರ್ಡಿಸೆಪ್ಸ್ ಮನುಷ್ಯರಿಗೆ ಹರಡಿ ನಾಗರಿಕತೆಯೇ ಕುಸಿಯುತ್ತದೆ. ಸೋಂಕಿತರು ಹಂತಹಂತವಾಗಿ ಬದಲಾಗುತ್ತಾರೆ. ಮೊದಲು ಮನುಷ್ಯಾಕಾರದಲ್ಲೇ ಓಡುವ ‘ರನ್ನರ್’, ಆಮೇಲೆ ‘ಸ್ಟಾಕರ್’, ಮುಖ ಸೀಳಿ ಅಣಬೆ ಬೆಳೆದು ಕಣ್ಣು ಕಳೆದುಕೊಂಡು ಟಕಟಕ ಸದ್ದಿನ ಪ್ರತಿಧ್ವನಿಯಿಂದ ದಾರಿ ಅರಿಯುವ ‘ಕ್ಲಿಕರ್’, ಕೊನೆಗೆ ಮೈಯೆಲ್ಲ ಶಿಲೀಂಧ್ರದ ಕವಚವಾದ ‘ಬ್ಲೋಟರ್’. 2023ರ ದೂರದರ್ಶನ ಸರಣಿ ಬೀಜಕಗಳನ್ನು ಬಿಟ್ಟು, ಬಾಯಿಂದ ಹೊರಡುವ ಎಳೆಗಳನ್ನೂ ನೆಲದಡಿಯ ಎಳೆಗಳ ಜಾಲವನ್ನೂ ತಂದಿತು.

ಕ್ಲಿಕರ್‌ನ ರೂಪ ಈ ಕಾಲದ ಕಲ್ಪಿತ ಜೀವಿಗಳಲ್ಲೇ ಅತ್ಯುತ್ತಮವಾದವುಗಳ ಸಾಲಿಗೆ ಸೇರುತ್ತದೆ. ಆದರೆ ಅದರ ಕಚ್ಚು ಇರುವೆಯದಲ್ಲ, ಹುಚ್ಚುನಾಯಿಯದು. ಸೋಂಕಿತ ಇರುವೆ ಇನ್ನೊಂದು ಇರುವೆಯನ್ನು ಕಚ್ಚುವುದಿಲ್ಲ. ಅದು ಕಚ್ಚುವುದು ಎಲೆಯನ್ನು, ಅದೂ ಸತ್ತ ಮೇಲೆ ಬೀಳದಿರಲೆಂದು. ಕಚ್ಚಿ ಹರಡುವುದು ರೇಬೀಸ್ ವೈರಸ್ಸಿನ ದಾರಿ. ಜೋಂಬಿ ಕಥೆಗಳಿಗೆ ಬಹು ಹಿಂದೆಯೇ ಅಂಟಿದ ಆ ಗುಣ ಇಲ್ಲಿಗೂ ಬಂದಿದೆ. ಈ ವಿಷಯದಲ್ಲಿ ಎಂ. ಆರ್. ಕ್ಯಾರಿಯವರ ‘ದಿ ಗರ್ಲ್ ವಿತ್ ಆಲ್ ದ ಗಿಫ್ಟ್ಸ್’ (2014, ಸಿನಿಮಾ 2016) ಕಾದಂಬರಿ ಮೂಲಕ್ಕೆ ಇನ್ನಷ್ಟು ಹತ್ತಿರ. ಅಲ್ಲಿಯೂ ಕಚ್ಚು ಇದೆ; ಆದರೆ ಕಾಲಕ್ರಮದಲ್ಲಿ ಸೋಂಕಿತರು ಒಂದೆಡೆ ನಿಶ್ಚಲವಾಗಿ, ಅವರ ಮೈಯಿಂದ ಕಾಂಡಗಳೆದ್ದು, ಲಂಡನ್ನಿನ ನಡುವೆ ಶಿಲೀಂಧ್ರದ ಕಾಡೇ ನಿಲ್ಲುತ್ತದೆ. ಓಡುವ ಆತಿಥೇಯವನ್ನು ತಕ್ಕ ಜಾಗದಲ್ಲಿ ನಿಲ್ಲಿಸಿ ಹಣ್ಣಾಗುವುದೇ ಈ ಶಿಲೀಂಧ್ರದ ಬದುಕಿನ ಗುರಿ ಎಂಬುದನ್ನು ಕ್ಯಾರಿ ಅರಿತು ಬರೆದಿದ್ದಾರೆ.

ಹಳೆಯ ಅಣಬೆ ಕಥೆಗಳು

ಶಿಲೀಂಧ್ರದ ಭಯ ಇರುವೆಯ ಸಂಶೋಧನೆಗಿಂತ ಹಳೆಯದು. ಇಂಗ್ಲೆಂಡಿನ ವಿಲಿಯಂ ಹೋಪ್ ಹಾಜ್‌ಸನ್ 1907ರಲ್ಲಿ ಪ್ರಕಟಿಸಿದ ‘ದಿ ವಾಯ್ಸ್ ಇನ್ ದ ನೈಟ್’ ಕಥೆಯಲ್ಲಿ ಹಡಗು ಒಡೆದು ದ್ವೀಪ ಸೇರಿದ ಜೋಡಿಯೊಂದರ ಮೈಮೇಲೆ ಬೂದು ಶಿಲೀಂಧ್ರ ಹಬ್ಬುತ್ತದೆ. ಹಸಿವು ತಾಳದೆ ಅವರು ಅದನ್ನೇ ತಿನ್ನತೊಡಗುತ್ತಾರೆ. ಇದನ್ನು ಆಧರಿಸಿ ಇಶಿರೊ ಹೊಂಡ ಜಪಾನಿನಲ್ಲಿ ‘ಮತಾಂಗೊ’ (1963) ಸಿನಿಮಾ ಮಾಡಿದರು. ಇವೆರಡರಲ್ಲೂ ಶಿಲೀಂಧ್ರ ಯಾರನ್ನೂ ಬೊಂಬೆಯಾಗಿ ಆಡಿಸುವುದಿಲ್ಲ. ನಿಧಾನವಾಗಿ ಆವರಿಸಿ ತನ್ನದಾಗಿಸಿಕೊಳ್ಳುತ್ತದೆ.

ಜಪಾನಿನದೇ ಆದ ಪೋಕೆಮಾನ್ (1996) ಆಟದ ಪಾರಾಸ್ ಮತ್ತು ಪಾರಾಸೆಕ್ಟ್ ಎಂಬ ಜೀವಿಗಳು ಮಕ್ಕಳ ಲೋಕದಲ್ಲಿ ಅಡಗಿ ಕುಳಿತ ದುರಂತ. ಸಿಕಾಡದ ಮರಿಯನ್ನು ಹೋಲುವ ಪಾರಾಸ್‌ನ ಬೆನ್ನ ಮೇಲೆ ಎರಡು ಪುಟ್ಟ ಅಣಬೆಗಳಿವೆ. ಅದು ಬೆಳೆದು ಪಾರಾಸೆಕ್ಟ್ ಆದಾಗ ಒಂದೇ ದೊಡ್ಡ ಅಣಬೆ ಬೆನ್ನನ್ನೆಲ್ಲ ಮುಚ್ಚಿ, ಕೀಟದ ಕಣ್ಣುಗಳಲ್ಲಿ ಪಾಪೆಯೇ ಇಲ್ಲವಾಗುತ್ತದೆ. ಆಮೇಲೆ ನಡೆದಾಡುವುದು ಅಣಬೆಯೇ. ಆಟವನ್ನು ರೂಪಿಸಿದ ಸತೋಶಿ ತಜಿರಿ ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಕೂಡಿಡುತ್ತಿದ್ದವರು. ಪಾರಾಸ್‌ನ ಅಣಬೆಗಳಿಗೆ ಇರುವ ಹೆಸರು, ಚೀನಾ-ಜಪಾನುಗಳ ಔಷಧಿ ಪರಂಪರೆಯಲ್ಲಿ ಹುಳುವಿನ ಮೇಲೆ ಬೆಳೆಯುವ ಶಿಲೀಂಧ್ರದ್ದು. ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿ ಮಣ್ಣೊಳಗಿನ ಪತಂಗದ ಹುಳುವನ್ನು ಕೊಂದು ಬೆಳೆಯುವ ಒಫಿಯೊಕಾರ್ಡಿಸೆಪ್ಸ್ ಸೈನೆನ್ಸಿಸ್ ಅದರ ಪ್ರಸಿದ್ಧ ಬಗೆ. ಉತ್ತರಾಖಂಡದ ಹಳ್ಳಿಗರು ಇದನ್ನು ‘ಕೀಡಾ ಜಡಿ’ ಎನ್ನುತ್ತಾರೆ. ಹಿಮ ಕರಗುವ ಹೊತ್ತಿಗೆ ಇದನ್ನು ಆಯಲು ಕುಟುಂಬಗಳೇ ಬೆಟ್ಟ ಹತ್ತುತ್ತವೆ. ಅತಿಯಾದ ಸಂಗ್ರಹದಿಂದ ಸೊರಗಿದ ಈ ಪ್ರಭೇದ 2020ರಲ್ಲಿ ಅಪಾಯದಂಚಿನ ಜೀವಿಗಳ ಕೆಂಪು ಪಟ್ಟಿ ಸೇರಿತು. ತೆರೆಯ ಮೇಲೆ ಮನುಷ್ಯಕುಲವನ್ನು ಅಳಿಸುವ ವಂಶದ ಶಿಲೀಂಧ್ರವೊಂದು ನಿಜದಲ್ಲಿ ಮನುಷ್ಯರ ಕೈಯಿಂದ ಅಳಿವಿನತ್ತ ಸಾಗಿದೆ.

ಕಣಜಗಳು ಮತ್ತು ‘ಏಲಿಯನ್’

ಕೀಟಗಳಲ್ಲಿ ಆತಿಥೇಯವನ್ನು ಕೊಂದೇ ಬೆಳೆಯುವ ಪದ್ಧತಿ ಕಣಜಗಳಲ್ಲಿ ಅತ್ಯಂತ ವಿಸ್ತಾರವಾಗಿ ಬೆಳೆದಿದೆ. ಇಕ್ನ್ಯೂಮನಿಡೆ ಎಂಬ ಒಂದೇ ಕುಟುಂಬದಲ್ಲಿ 25,000ಕ್ಕೂ ಹೆಚ್ಚು ಪ್ರಭೇದಗಳು ವಿವರಿಸಲ್ಪಟ್ಟಿವೆ. ಹೆಣ್ಣು ಕಣಜ ಮೊಟ್ಟೆಯಿಡುವ ಸೂಜಿಯಂಥ ಕೊಳವೆಯನ್ನು ಹುಳುವಿನ ಮೈಗೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಕೆಲವು ಬಗೆಗಳಲ್ಲಿ ಮೊಟ್ಟೆಯ ಜೊತೆಗೆ ವೈರಸ್‌ಗಳೂ ಇಳಿದು ಹುಳುವಿನ ರೋಗನಿರೋಧಕ ಶಕ್ತಿಯನ್ನು ಅಡಗಿಸುತ್ತವೆ. ಆ ವೈರಸ್ಸಿನ ವಂಶವಾಹಿಗಳು ಕಣಜದ ಸ್ವಂತ ವಂಶವಾಹಿಗಳೊಳಗೇ ಸೇರಿಹೋಗಿವೆ. ಒಳಗೆ ಹುಟ್ಟಿದ ಮರಿ ಮೊದಲು ಕೊಬ್ಬನ್ನೂ ದೇಹದ್ರವವನ್ನೂ ಉಂಡು, ಜೀವಕ್ಕೆ ತೀರ ಅಗತ್ಯವಾದ ಅಂಗಗಳನ್ನು ಕೊನೆಗೆ ಉಳಿಸಿಕೊಳ್ಳುತ್ತದೆ. ಆಹಾರ ಕೆಡದಿರಬೇಕಾದರೆ ಹುಳು ಜೀವಂತವಾಗಿರಬೇಕು.

ಈ ಕ್ರಮ ಕಂಡು ಚಾರ್ಲ್ಸ್ ಡಾರ್ವಿನ್ ಕಲಕಿಹೋಗಿದ್ದರು. 1860ರ ಮೇ 22ರಂದು ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಪತ್ರದಲ್ಲಿ, ಕರುಣಾಮಯಿಯೂ ಸರ್ವಶಕ್ತನೂ ಆದ ದೇವರು ಇಂಥ ಕಣಜಗಳನ್ನು ಉದ್ದೇಶಪೂರ್ವಕವಾಗಿ ಸೃಷ್ಟಿಸಿದನೆಂದು ನಂಬುವುದು ತಮ್ಮಿಂದಾಗದು ಎಂದು ಅವರು ತೋಡಿಕೊಂಡರು. ಫ್ರಾನ್ಸಿನ ಜೀನ್ ಆನ್ರಿ ಫಾಬ್ರ್ 1879ರಿಂದ 1907ರವರೆಗೆ ಹತ್ತು ಸಂಪುಟಗಳಲ್ಲಿ ಬರೆದ ಕೀಟಲೋಕದ ಬರಹಗಳು ಕಣಜಗಳ ಬೇಟೆಯನ್ನು ಸಾಮಾನ್ಯ ಓದುಗರಿಗೆ ಪರಿಚಯಿಸಿದವು.

ಎ. ಇ. ವ್ಯಾನ್ ವೋಗ್ಟ್ ಅವರ ‘ಡಿಸ್ಕಾರ್ಡ್ ಇನ್ ಸ್ಕಾರ್ಲೆಟ್’ (1939) ಕಥೆಯಲ್ಲಿ ಅನ್ಯಗ್ರಹದ ಜೀವಿಯೊಂದು ಅಂತರಿಕ್ಷ ನೌಕೆಗೆ ನುಗ್ಗಿ ಮನುಷ್ಯರೊಳಗೆ ಮೊಟ್ಟೆಯಿಡುತ್ತದೆ. ಅದೇ ಕಲ್ಪನೆ ಪೂರ್ಣ ರೂಪ ಪಡೆದದ್ದು ಡ್ಯಾನ್ ಒಬ್ಯಾನನ್ ಬರೆದು ರಿಡ್ಲಿ ಸ್ಕಾಟ್ ನಿರ್ದೇಶಿಸಿದ ‘ಏಲಿಯನ್’ (1979) ಸಿನಿಮಾದಲ್ಲಿ. ಮೊಟ್ಟೆಯಿಂದ ಹಾರಿ ಮುಖಕ್ಕೆ ಕವಿಯುವ ಜೀವಿ, ಅದು ಒಳಗಿಳಿಸುವ ಭ್ರೂಣ, ಎದೆ ಬಿರಿದು ಹೊರಬರುವ ಮರಿ, ಆಮೇಲೆ ಬೆಳೆದು ನಿಂತ ಬೇಟೆಗಾರ ಪ್ರಾಣಿ — ಪ್ರತಿ ಹಂತವೂ ಬೇರೆ ಬೇರೆ ದೇಹ. ಕೀಟಗಳ ರೂಪಾಂತರದ ತಿರುಳೇ ಇದು. ಸ್ವಿಟ್ಜರ್ಲೆಂಡಿನ ಕಲಾವಿದ ಎಚ್. ಆರ್. ಗೀಗರ್ ಕೊಟ್ಟ ರೂಪ ಎಷ್ಟೇ ಬೆರಗಿನದಾದರೂ, ಸಿನಿಮಾವನ್ನು ಹಿಡಿದು ನಿಲ್ಲಿಸಿರುವುದು ಈ ಜೀವನಚಕ್ರ. ಊಟದ ಮೇಜಿನ ಬಳಿ ಎದೆ ಬಿರಿದು ಮರಿ ಹೊರಬರುವ ದೃಶ್ಯದಲ್ಲಿ ನೋಡುಗರು ಬೆಚ್ಚಿಬಿದ್ದದ್ದು ರಕ್ತಕ್ಕಲ್ಲ. ಚೇತರಿಸಿಕೊಂಡು ನಗುನಗುತ್ತ ಉಣ್ಣುತ್ತಿದ್ದವನು ಅಷ್ಟು ಹೊತ್ತೂ ಇನ್ನೊಂದು ಜೀವಕ್ಕೆ ಅನ್ನವಾಗಿದ್ದ ಎಂಬ ಅರಿವಿಗೆ. ಹುಳುಗಳೂ ಹಾಗೆಯೇ, ಒಳಗೆ ಮರಿಗಳಿರುವಾಗಲೂ ಎಲೆ ಮೇಯುತ್ತಲೇ ಇರುತ್ತವೆ. ಜೇಮ್ಸ್ ಕ್ಯಾಮರಾನ್ ನಿರ್ದೇಶನದ ‘ಏಲಿಯನ್ಸ್’ (1986) ಇದಕ್ಕೆ ಮೊಟ್ಟೆಯಿಡುವ ರಾಣಿಯನ್ನು ಸೇರಿಸಿ, ಕಣಜದ ಕಥೆಗೆ ಇರುವೆ-ಗೆದ್ದಲುಗಳ ಸಂಸಾರವನ್ನು ಜೋಡಿಸಿತು.

ಮನಸ್ಸಿನ ಹಿಡಿತದ ವಿಷಯದಲ್ಲಿ ಹಸಿರು ರತ್ನದಂತೆ ಹೊಳೆಯುವ ಆಂಪ್ಯುಲೆಕ್ಸ್ ಕಂಪ್ರೆಸ್ಸಾ ಕಣಜಕ್ಕೆ ಸಮನಾದದ್ದು ಕಲ್ಪಿತ ಲೋಕದಲ್ಲೂ ವಿರಳ. ದಕ್ಷಿಣ ಏಷ್ಯಾವೂ ಇದರ ನೆಲೆ. ಅದು ಜಿರಲೆಯ ಎದೆಗೆ ಮೊದಲು ಕುಟುಕಿ ಮುಂಗಾಲುಗಳನ್ನು ಕೊಂಚ ಹೊತ್ತು ನಿಶ್ಚೇಷ್ಟಗೊಳಿಸುತ್ತದೆ. ಎರಡನೆಯ ಕುಟುಕು ನೇರ ತಲೆಯೊಳಗಿನ ನರಗಂಟುಗಳಿಗೆ. ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಲಿಬರ್ಸಾಟ್ ಮತ್ತು ಸಂಗಡಿಗರು ತೋರಿಸಿದಂತೆ, ಆ ವಿಷ ಜಿರಲೆಯನ್ನು ಲಕ್ವ ಹೊಡೆದಂತೆ ಮಾಡುವುದಿಲ್ಲ. ತಾನಾಗಿ ನಡೆಯತೊಡಗುವ ಪ್ರೇರಣೆಯನ್ನಷ್ಟೇ ಕಿತ್ತುಕೊಳ್ಳುತ್ತದೆ. ಕಣಜ ಅದರ ಮೀಸೆಯನ್ನು ಹಿಡಿದು ಬಿಲದತ್ತ ನಡೆಸಿದರೆ ಜಿರಲೆ ತನ್ನ ಕಾಲ ಮೇಲೆಯೇ ನಡೆದು ಹೋಗುತ್ತದೆ. ಒಳಗೆ ಕಾಲಿಗೆ ಮೊಟ್ಟೆ ಅಂಟಿಸಿ, ಬಾಗಿಲು ಮುಚ್ಚಿ ಕಣಜ ಹೊರಟುಹೋಗುತ್ತದೆ.

ಆಕ್ಟೇವಿಯಾ ಬಟ್ಲರ್ ಅವರ ‘ಬ್ಲಡ್‌ಚೈಲ್ಡ್’ (1984) ಈ ಭಯವನ್ನು ಬೇರೆಯೇ ಎತ್ತರಕ್ಕೆ ಒಯ್ದ ಕಥೆ. ಪೆರುವಿನ ಅಮೆಜಾನ್ ಕಾಡಿಗೆ ಹೊರಡುವ ಮುನ್ನ ಅವರನ್ನು ಕಾಡಿದ್ದು ಬಾಟ್ ನೊಣದ ಭೀತಿ. ಮನುಷ್ಯನ ಚರ್ಮದಡಿ ಮರಿಹುಳು ಬೆಳೆಸುವ ಈ ನೊಣದ ಒಂದು ಪ್ರಭೇದ, ಸೊಳ್ಳೆಯನ್ನು ಹಿಡಿದು ಅದರ ಮೈಗೆ ತನ್ನ ಮೊಟ್ಟೆ ಅಂಟಿಸಿ ಕಳಿಸುತ್ತದೆ. ಸೊಳ್ಳೆ ಕಚ್ಚಲು ಕೂತಾಗ ಮರಿ ಚರ್ಮಕ್ಕೆ ಇಳಿಯುತ್ತದೆ. ಬಟ್ಲರ್ ಅದನ್ನು ರಾಕ್ಷಸನಾಗಿ ಬರೆಯಲಿಲ್ಲ. ಅವರ ಕಥೆಯಲ್ಲಿ ಅನ್ಯಗ್ರಹದಲ್ಲಿ ಆಶ್ರಯ ಪಡೆದ ಮನುಷ್ಯರು ಅಲ್ಲಿನ ಕೀಟರೂಪಿ ಜೀವಿಗಳ ಮೊಟ್ಟೆಗಳನ್ನು ತಮ್ಮ ಮೈಯಲ್ಲಿ ಹೊರುತ್ತಾರೆ, ಅದೂ ಮುಖ್ಯವಾಗಿ ಗಂಡಸರು. ಆತಿಥೇಯ ಮತ್ತು ಪರಾವಲಂಬಿಯ ನಡುವೆ ಪ್ರೀತಿ, ಬಲಾತ್ಕಾರ, ಒಪ್ಪಿಗೆ, ಋಣ ಎಲ್ಲವೂ ಹೆಣೆದುಕೊಂಡಿವೆ. ಹ್ಯೂಗೊ, ನೆಬ್ಯುಲಾ ಎರಡೂ ಪ್ರಶಸ್ತಿಗಳು ಇದಕ್ಕೆ ಬಂದವು. ಈ ಇಡೀ ಸಾಹಿತ್ಯಪ್ರಕಾರದಲ್ಲಿ ಒಂದೇ ಒಂದು ಕಥೆ ಓದಬೇಕೆಂದರೆ ಇದನ್ನೇ ಓದಬೇಕು.

ಭ್ರಮರ-ಕೀಟ

ಕಣಜದ ಜೀವನಚಕ್ರ ಎಲ್ಲೆಡೆ ಭಯವನ್ನೇ ಹುಟ್ಟಿಸಲಿಲ್ಲ. ಗೋಡೆಯ ಮೂಲೆಯಲ್ಲಿ, ಬಾಗಿಲ ಚೌಕಟ್ಟಿನಲ್ಲಿ ಮಣ್ಣಿನ ಪುಟ್ಟ ಗುಡಾಣ ಕಟ್ಟುವ ಕುಂಬಾರ ಹುಳುವನ್ನು ನಮ್ಮ ಹಿರಿಯರು ಹತ್ತಿರದಿಂದ ನೋಡಿದ್ದರು. ಅದು ಹಸಿರು ಹುಳುವೊಂದನ್ನು ಹೊತ್ತು ತಂದು ಗೂಡಿನಲ್ಲಿಟ್ಟು ಬಾಯಿ ಮುಚ್ಚುತ್ತದೆ. ದಿನಗಳ ನಂತರ ಗೂಡು ಒಡೆದು ಹೊರಬರುವುದು ರೆಕ್ಕೆಯ ಕಣಜ. ಒಳಗಿಟ್ಟ ಹುಳು ಕುಟುಕು ತಿಂದು ನಿಶ್ಚೇಷ್ಟವಾಗಿದೆ, ಗೂಡಿನ ಮಾಡಿನಿಂದ ಎಳೆಯೊಂದರಲ್ಲಿ ಕಣಜದ ಮೊಟ್ಟೆ ತೂಗುತ್ತಿದೆ, ಅದರಿಂದ ಹುಟ್ಟಿದ ಮರಿ ಹುಳುವನ್ನು ತಿಂದು ಬೆಳೆಯುತ್ತದೆ — ಇಷ್ಟು ಕಣ್ಣಿಗೆ ಬೀಳುವುದಿಲ್ಲ. ಬಿದ್ದದ್ದು ಆರಂಭ ಮತ್ತು ಅಂತ್ಯ ಮಾತ್ರ. ನಡುವಿನ ಕತ್ತಲೆಯನ್ನು ಭಾರತೀಯ ಕಲ್ಪನೆ ಧ್ಯಾನದಿಂದ ತುಂಬಿತು. ಗೂಡಿನಲ್ಲಿ ಸೆರೆಯಾದ ಹುಳು ಭಯದಿಂದ ಸದಾ ಕಣಜವನ್ನೇ ನೆನೆನೆನೆದು ತಾನೇ ಕಣಜವಾಯಿತು ಎಂಬುದು ಭ್ರಮರ-ಕೀಟ ನ್ಯಾಯ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನು ಎಣಿಸುವ ಇಪ್ಪತ್ತನಾಲ್ಕು ಗುರುಗಳ ಸಾಲಿನಲ್ಲಿ ಈ ಕಣಜವೂ ಇದೆ. ಅದ್ವೈತಿಗಳಿಗೆ ಇದು ಜೀವ ಬ್ರಹ್ಮವಾಗುವುದಕ್ಕೆ ದೃಷ್ಟಾಂತ. ಕನ್ನಡದ ವಚನಕಾರರಿಗೂ ಕೀಡಿ-ಕುಂಡಲಿಯ ರೂಪಕವಾಗಿ ಚಿರಪರಿಚಿತ.

ಚೀನಾದ ಪ್ರಾಚೀನ ಪದ್ಯ ಸಂಕಲನ ‘ಶಿ ಜಿಂಗ್’ ಇದೇ ಕೀಟವನ್ನು ನೋಡಿ, ಕಣಜ ಪರರ ಮರಿಯನ್ನು ತಂದು ತನ್ನ ಮಗುವಾಗಿ ಸಾಕುತ್ತದೆ ಎಂದು ಬಗೆಯಿತು; ಆ ಹುಳುವಿನ ಹೆಸರು ದತ್ತುಮಗನಿಗೆ ಪರ್ಯಾಯವಾಗಿ ಬಳಕೆಗೆ ಬಂತು. ಐದು-ಆರನೆಯ ಶತಮಾನದ ತಾವೊ ಪಂಥದ ವಿದ್ವಾಂಸ ತಾವೊ ಹೊಂಗ್‌ಜಿಂಗ್ ಗೂಡುಗಳನ್ನು ಪರಿಶೀಲಿಸಿ, ಹುಳು ಆಹಾರವೇ ಹೊರತು ದತ್ತುಮಗುವಲ್ಲ ಎಂದು ಬರೆದಿಟ್ಟರು. ಒಂದೇ ಕಣಜ ಭಾರತಕ್ಕೆ ಮೋಕ್ಷದ, ಚೀನಾಕ್ಕೆ ವಾತ್ಸಲ್ಯದ, ಹಾಲಿವುಡ್‌ಗೆ ಅತ್ಯಾಚಾರದಂಥ ಹುಟ್ಟಿನ ಕಥೆಯಾಯಿತು. ಗೂಡಿನ ಒಳಗನ್ನು ಯಾರು ಎಷ್ಟು ನೋಡಿದರು ಎಂಬುದರ ಮೇಲೆ ಕಥೆಯ ಬಣ್ಣ ನಿಂತಿದೆ.

ಕಥೆಯಿಂದ ಮರಳಿ ವಿಜ್ಞಾನಕ್ಕೆ

ಸಾಲ ಒಂದೇ ದಿಕ್ಕಿನದಲ್ಲ. ಥಾಯ್ಲೆಂಡಿನ ಒಂದು ಜಿರಲೆ ಬೇಟೆಯ ಕಣಜಕ್ಕೆ, ಹ್ಯಾರಿ ಪಾಟರ್ ಕಾದಂಬರಿಗಳಲ್ಲಿ ಆತ್ಮವನ್ನೇ ಹೀರುವ ಡಿಮೆಂಟರ್‌ಗಳ ನೆನಪಿನಲ್ಲಿ, 2014ರಲ್ಲಿ ಆಂಪ್ಯುಲೆಕ್ಸ್ ಡಿಮೆಂಟರ್ ಎಂಬ ಹೆಸರು ಬಂತು. ಆಯ್ಕೆ ಮಾಡಿದ್ದು ವಸ್ತುಸಂಗ್ರಹಾಲಯಕ್ಕೆ ಬಂದ ಜನರ ಮತ. ಆಸ್ಟ್ರೇಲಿಯಾದ ಒಂದು ಪುಟ್ಟ ಕಣಜವನ್ನು 2018ರಲ್ಲಿ ಡಾಲಿಕೊಜಿನಿಡಿಯಾ ಜೆನೊಮಾರ್ಫ್ ಎಂದು ಹೆಸರಿಸಲಾಯಿತು, ‘ಏಲಿಯನ್’ ಸಿನಿಮಾದ ಪ್ರಾಣಿಯ ಹೆಸರೇ ಅದು.

ಕಥೆಗಳು ಬಳಸದೆ ಉಳಿಸಿದ ಸಾಮಗ್ರಿಯೂ ಸಾಕಷ್ಟಿದೆ. ಅಮೆರಿಕದಲ್ಲಿ 13 ಅಥವಾ 17 ವರ್ಷಕ್ಕೊಮ್ಮೆ ನೆಲದಿಂದ ಮೇಲೇಳುವ ಸಿಕಾಡಗಳಿಗೆ ತಗಲುವ ಮಾಸೊಸ್ಪೊರಾ ಶಿಲೀಂಧ್ರ, ಕೀಟದ ಹಿಂಭಾಗವನ್ನು ಕಳಚಿ ಅಲ್ಲಿ ಬಿಳಿ ಬೀಜಕಗಳ ಮುದ್ದೆಯನ್ನು ತುಂಬುತ್ತದೆ. ದೇಹದ ಮೂರನೆಯ ಒಂದು ಭಾಗವೇ ಇಲ್ಲದೆಯೂ ಸಿಕಾಡ ಹಾರಾಡುತ್ತ, ಕೂಡಲು ಯತ್ನಿಸುತ್ತ ಸೋಂಕು ಹರಡುತ್ತದೆ. ಈ ಶಿಲೀಂಧ್ರದಲ್ಲಿ ಉತ್ತೇಜಕ ರಾಸಾಯನಿಕ ಕ್ಯಾಥಿನೋನ್ ಇರುವುದು 2019ರಲ್ಲಿ ವರದಿಯಾಯಿತು. ಮನೆನೊಣಗಳ ಎಂಟಮಾಫ್ತೊರಾ ಮಸ್ಕೆ ಎಂಬ ಶಿಲೀಂಧ್ರ ಸಂಜೆಯ ಹೊತ್ತಿಗೆ ನೊಣವನ್ನು ಎತ್ತರಕ್ಕೆ ಹತ್ತಿಸಿ, ರೆಕ್ಕೆ ಮೇಲೆತ್ತಿದ ಭಂಗಿಯಲ್ಲಿ ಸಾಯಿಸುತ್ತದೆ. ಬೀಜಕಗಳು ಸಿಡಿದು ಹೊರಡಲು ದಾರಿ ತೆರವಾಗುತ್ತದೆ.

ಮನುಷ್ಯರ ಮೇಲೆ ಇಂಥ ಹಿಡಿತ ಸಾಧ್ಯವೇ ಎಂಬ ಪ್ರಶ್ನೆಯನ್ನು ಕಥೆಗಳು ಜನರಲ್ಲಿ ಬಿತ್ತಿವೆ. ಒಫಿಯೊಕಾರ್ಡಿಸೆಪ್ಸ್‌ನ ಒಂದೊಂದು ಪ್ರಭೇದ ಸಾಮಾನ್ಯವಾಗಿ ಒಂದೇ ಬಗೆಯ ಇರುವೆಗೆ ಕಟ್ಟುಬಿದ್ದಿದೆ; ಕೋಟ್ಯಂತರ ವರ್ಷ ಒಂದೇ ಬೀಗಕ್ಕೆ ಸವೆದ ಕೀಲಿ ಅದು. ಬಹುಪಾಲು ಶಿಲೀಂಧ್ರಗಳಿಗೆ ನಮ್ಮ ಮೈಯ 37 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನೇ ತಾಳಲಾಗದು. ಆದರೂ ‘ದಿ ಲಾಸ್ಟ್ ಆಫ್ ಅಸ್’ ಸರಣಿಯ ಮೊದಲ ದೃಶ್ಯದಲ್ಲಿ, 1968ರ ಟಿವಿ ಚರ್ಚೆಯೊಂದರಲ್ಲಿ ವಿಜ್ಞಾನಿಯ ಪಾತ್ರ ಎತ್ತುವ ಆತಂಕ, ಭೂಮಿ ಬಿಸಿಯಾದರೆ ಶಿಲೀಂಧ್ರಗಳೂ ಬಿಸಿಗೆ ಒಗ್ಗಿಕೊಂಡಾವು ಎಂಬುದು, ಬರಿಯ ಕಲ್ಪನೆಯಲ್ಲ. 2009ರಲ್ಲಿ ಜಪಾನಿನಲ್ಲಿ ಮೊದಲು ಗುರುತಿಸಿದ ಕ್ಯಾಂಡಿಡಾ ಆರಿಸ್ ಔಷಧಿಗಳಿಗೆ ಬಗ್ಗದೆ ಆಸ್ಪತ್ರೆಗಳಲ್ಲಿ ಹರಡಿದಾಗ ಕೆಲವು ವಿಜ್ಞಾನಿಗಳು ಇದೇ ಕಾರಣವನ್ನು ಮುಂದಿಟ್ಟಿದ್ದಾರೆ. 2021ರಲ್ಲಿ ಕೋವಿಡ್ಡಿನ ಬೆನ್ನಿಗೇ ಭಾರತವನ್ನು ಕಾಡಿದ ಕಪ್ಪು ಶಿಲೀಂಧ್ರವೂ ಯಾರ ನಡೆಯನ್ನೂ ಆಳಲಿಲ್ಲ. ಸಕ್ಕರೆ ಕಾಯಿಲೆ, ಸ್ಟೀರಾಯ್ಡ್‌ಗಳಿಂದ ಬಲಗುಂದಿದ ಮೈಯನ್ನು ಅದು ಕಬಳಿಸಿತು, ಅಷ್ಟೇ.

ಕಥೆಗಳು ತೀರ ಕಡೆಗಣಿಸಿರುವುದು ಪರಾವಲಂಬಿಗೂ ಪರಾವಲಂಬಿ ಇರುತ್ತದೆ ಎಂಬುದನ್ನು. ಇರುವೆ ಶಿಲೀಂಧ್ರದ ಮೇಲೆ ಇನ್ನೊಂದು ಶಿಲೀಂಧ್ರ ಬೆಳೆದು ಅದರ ಬೀಜಕಗಳನ್ನು ಬಂಜೆಯಾಗಿಸುತ್ತದೆ. ಎಷ್ಟೋ ಇರುವೆ ಗೂಡುಗಳು ಉಳಿದಿರುವುದಕ್ಕೆ ಇದೂ ಒಂದು ಕಾರಣ. ಕರ್ನಾಟಕದ ರೇಷ್ಮೆ ಬೆಳೆಗಾರರಿಗೆ ಈ ಸರಪಳಿ ಪುಸ್ತಕದ ವಿಷಯವಲ್ಲ. 1980ರಲ್ಲಿ ರಾಜ್ಯದಲ್ಲಿ ಕಾಣಿಸಿಕೊಂಡ ಊಜಿ ನೊಣ ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಹೊಕ್ಕ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಹುಳು ಗೂಡು ಕಟ್ಟಿದರೂ ಊಜಿಯ ಮರಿ ಗೂಡನ್ನು ಕೊರೆದು ಹೊರಬಂದರೆ ನೂಲು ತುಂಡಾಗಿ ಬಿಚ್ಚಲು ಬಾರದಾಗುತ್ತದೆ. ಹುಳುಮನೆಯ ಕಿಟಕಿಗೆ ನೈಲಾನ್ ಪರದೆ ಕಟ್ಟುವುದರ ಜೊತೆಗೆ, ಊಜಿಯ ಕೋಶಗಳ ಮೇಲೆ ಮೊಟ್ಟೆಯಿಟ್ಟು ತನ್ನ ಮರಿಗಳಿಗೆ ಅವನ್ನು ತಿನ್ನಿಸುವ ನೆಸೊಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜವನ್ನು ಪ್ರಯೋಗಾಲಯಗಳಲ್ಲಿ ಸಾಕಿ, ಚೀಲಗಳಲ್ಲಿ ತುಂಬಿ ಹುಳುಮನೆಗಳಲ್ಲಿ ಬಿಡುವ ಪದ್ಧತಿ ರೂಢಿಯಲ್ಲಿದೆ.